ಅದು ‘ಕೆದರಿದ ಕೂದಲು’ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಟಿವಿ ಹಾಸ್ಯ ಧಾರಾವಾಹಿಗಳ ಕುರಿತ ಲೇಖನ ಓದಿದೆ. ಕಪ್ಪುವರ್ಣೀಯ ಹೆಣ್ಣುಮಕ್ಕಳ ಸಹಜ ಕೂದಲಿಗೆ ಈ ಧಾರಾವಾಹಿಗಳು ಮರ್ಯಾದೆ ತಂದುಕೊಟ್ಟವು ಎಂಬುದು ಲೇಖಕರ ವಾದ. ಪಕ್ಕದಲ್ಲೇ ಇದ್ದ ಚಿತ್ರದ ಅಡಿಬರಹ ಮಾತ್ರ ‘ಕೆದರಿದ ಕೂದಲಿನ ಬಾಲನಟಿ’! ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದೆ. ದಾರ ಹಿಡಿದು ಎಳೆದಂಥ ಬೈತಲೆ, ಎರಡೂ ಬದಿಗೆ ದುಂಡಗೆ ಕಟ್ಟಿದ ಗುಂಗುರು ತುರುಬು, ಹಣೆಯಂಚಿನ ಎಳೆಗೂದಲನ್ನೂ ಒತ್ತಿ ಕೂರಿಸಿದ್ದಾರೆ. ಅಷ್ಟು ಒಪ್ಪ ಮಾಡಲು ಯಾರೋ ಗಂಟೆಗಟ್ಟಲೆ ಕೂತಿದ್ದಿರಬೇಕು. ಅದರಲ್ಲಿ ಕೆದರಿದ್ದು ಯಾವುದು?

ಲೇಖನ ಹೊಗಳಿದ, ಕಪ್ಪುವರ್ಣೀಯ ಕುಟುಂಬವೊಂದರ ಕತೆಯ ‘ಬ್ಲ್ಯಾಕ್-ಇಶ್’ ಧಾರಾವಾಹಿ ನಾನೂ ನೋಡಿದ್ದೇನೆ. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋದಾಗ, ಕೂಸು ಮಲಗಿದ ಮೇಲೆ ಸಬ್‌ಟೈಟಲ್ ಹಾಕಿಕೊಂಡು ಕಂತಿನ ಮೇಲೆ ಕಂತು ನೋಡುತ್ತಿದ್ದೆ. 2020ರ ಜನವರಿಯಲ್ಲಿ ಪ್ರಸಾರವಾದ ‘ಹೇರ್ ಡೇ’ ಎಂಬ ಕಂತಿನಲ್ಲಿ ಮನೆಯ ಕಿರಿ ಮಗಳು ಡಯಾನ್ ತನ್ನ ಕೂದಲಿಗೆ ಬೇರೆ ರೂಪ ಬೇಕೆನ್ನುತ್ತಾಳೆ. ತಾಯಿ ಬೋ, ಅಜ್ಜಿ ರೂಬಿ ಇಬ್ಬರೂ ಸೇರಿ ಅವಳನ್ನು ಸಲೂನಿಗೆ ಕರೆದೊಯ್ಯುತ್ತಾರೆ. ಅಲ್ಲಿ ಹಾಡು, ಹರಟೆ, ಕೂದಲಿನ ಚರಿತ್ರೆ ಎಲ್ಲ ಬರುತ್ತದೆ. ಡಯಾನ್ ಆಗಿ ಮಾರ್ಸಾಯ್ ಮಾರ್ಟಿನ್ ಚೆನ್ನಾಗಿಯೇ ಮಾಡಿದ್ದಾಳೆ. ಬೋ ಪಾತ್ರದ ಟ್ರೇಸಿ ಎಲ್ಲಿಸ್ ರಾಸ್ ಅವರ ಗುಂಗುರು ಕೂದಲು ವಾರವಾರವೂ ಜನರ ಕಣ್ಣಮುಂದೆ ಇತ್ತಲ್ಲ, ಆ ಪುಣ್ಯವೂ ಧಾರಾವಾಹಿಗೆ ಸಲ್ಲಲಿ.

ಆದರೆ 2014ರಲ್ಲಿ ಶುರುವಾದ ಧಾರಾವಾಹಿ ಇಡೀ ಒಂದು ಕಂತನ್ನು ಕೂದಲಿಗೆ ಕೊಡಲು ಆರನೇ ಸೀಸನ್ ಬರಬೇಕಾಯಿತು. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ಹಬ್ಬಕ್ಕೊಮ್ಮೆ ಕೆಳಗಿಳಿದ ಹಾಗಾಯಿತು ಇದು. ಉಳಿದ ದಿನಗಳಲ್ಲಿ ಹುಡುಗಿಯರು ಅಂದವಾಗಿ ತಯಾರಾಗಿಯೇ ಮೆಟ್ಟಿಲಿಳಿದು ಬರುತ್ತಾರೆ. ತಯಾರು ಮಾಡಿದ್ದು ಯಾರು, ಎಷ್ಟು ಹೊತ್ತು ಹಿಡಿಯಿತು ಎಂಬುದು ತೆರೆಯ ಮೇಲೆ ಬರುವುದು ಅಪರೂಪ.

ಆ ಹೊತ್ತು ಎಂಥದ್ದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಮಗಳ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ ಒಬ್ಬ ಕಪ್ಪುವರ್ಣೀಯ ತಾಯಿ ಮತ್ತು ಏಳೆಂಟು ವರ್ಷದ ಮಗಳು ಇದ್ದರು. ಭಾನುವಾರ ಸಂಜೆ ತಾಯಿ ಮೇಲಿನ ಮೆಟ್ಟಿಲಲ್ಲಿ ಕೂತರೆ ಮಗಳು ಅದರ ಕೆಳಗಿನದರಲ್ಲಿ ಕೂರುತ್ತಿದ್ದಳು, ತಲೆ ತಾಯಿಯ ಮೊಣಕಾಲುಗಳ ನಡುವೆ. ಪಕ್ಕದಲ್ಲಿ ನೀರು ತುಂಬಿದ ಸ್ಪ್ರೇ ಬಾಟಲಿ, ಅಗಲ ಹಲ್ಲಿನ ಬಾಚಣಿಗೆ, ಬೆಣ್ಣೆಯಂಥದ್ದೇನೋ ಇದ್ದ ಡಬ್ಬಿ. ಒಣ ಕೂದಲಿಗೆ ಆಕೆ ಬಾಚಣಿಗೆ ತಾಗಿಸುತ್ತಲೇ ಇರಲಿಲ್ಲ. ಒಂದೊಂದು ಪಾಲನ್ನೂ ಒದ್ದೆ ಮಾಡಿ, ತುದಿಯಿಂದ ಸಿಕ್ಕು ಬಿಡಿಸುತ್ತ ಬುಡದ ಕಡೆ ಹೋಗುತ್ತಿದ್ದರು. ಹುಡುಗಿ ಒಮ್ಮೆ ತಲೆ ಅಲ್ಲಾಡಿಸಿದ್ದಕ್ಕೆ ಬಾಚಣಿಗೆಯ ಬೆನ್ನಿನಿಂದ ಭುಜಕ್ಕೊಂದು ಪೆಟ್ಟು ಬಿತ್ತು. ನನ್ನ ಅಮ್ಮನ ಕೈಯೇ ನೆನಪಾಯಿತು. ನಾನು ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿ ವಾಪಸು ಬಂದಾಗ ಇನ್ನೂ ಅರ್ಧ ತಲೆ ಬಾಕಿ ಇತ್ತು. ತಾಯಿ, ಮಗಳು ಎರಡು ತಾಸು ಒಂದೇ ಕಡೆ ಕೂರಬೇಕಾದ ಜಾಗ. ಜಗಳ, ಗುಟ್ಟು, ನಗು ಎಲ್ಲವೂ ಅಲ್ಲೇ ಇದೆ. ಸಂಸಾರದ ಹಾಸ್ಯ ಬರೆಯುವವರಿಗೆ ಇದಕ್ಕಿಂತ ಹೆಚ್ಚಿಗೆ ಏನು ಬೇಕು?

ಬರೆಯದೇ ಇದ್ದುದಕ್ಕೆ ಕಾರಣಗಳಿವೆ, ಲೇಖನ ಆ ಕಡೆ ಹೋಗಲಿಲ್ಲ. ಮೊದಲು ಈ ಕೂದಲೇ ತಮಾಷೆಯ ವಸ್ತುವಾಗಿತ್ತು. ‘ಅವರ್ ಗ್ಯಾಂಗ್’ ಎಂಬ ಹಳೆಯ ಮಕ್ಕಳ ಕಿರುಚಿತ್ರಗಳು 1955ರಿಂದ ‘ದಿ ಲಿಟಲ್ ರಾಸ್ಕಲ್ಸ್’ ಹೆಸರಿನಲ್ಲಿ ಟಿವಿಗೆ ಬಂದವು. ಅದರಲ್ಲಿನ ಬಕ್‌ವೀಟ್ ಎಂಬ ಕಪ್ಪು ಹುಡುಗನ ಪಾತ್ರವನ್ನು ನೋಡಿದರೆ ಸಾಕು, ಆ ತಲೆ ಇರುವುದೇ ಜನ ನಗಲಿ ಎಂದು. ಅರವತ್ತರ ದಶಕದ ಕೊನೆಯ ಹೊತ್ತಿಗೆ ಕಪ್ಪು ಜನರ ಹೋರಾಟದ ಜೊತೆಗೆ ಆಫ್ರೋ, ಅಂದರೆ ಗುಂಗುರು ಕೂದಲನ್ನು ತಲೆಯ ಸುತ್ತ ದುಂಡಗೆ ಬಿಡುವ ರೂಢಿ ಬಂತು. 1974ರ ‘ಗುಡ್ ಟೈಮ್ಸ್’ನ ತಾಯಿ ಎಸ್ತರ್ ರೋಲ್ ತಮ್ಮ ಗಿಡ್ಡ ಗುಂಗುರು ಕೂದಲಲ್ಲೇ ಅಡುಗೆಮನೆಯಲ್ಲಿ ನಿಂತರು. ಹತ್ತು ವರ್ಷ ಕಳೆದು ‘ದಿ ಕಾಸ್ಬಿ ಶೋ’ ಬರುವ ಹೊತ್ತಿಗೆ ಅಪ್ಪ ಡಾಕ್ಟರು, ಅಮ್ಮ ವಕೀಲೆ. ಆ ಮನೆಯ ಪುಟ್ಟ ಮಗಳು ರೂಡಿಯ ಕೂದಲು ನಯವಾಗಿ ನೇರವಾಗಿತ್ತು. ಬಿಳಿಯರ ಮನೆಗಳಲ್ಲೂ ನೋಡುವ ಧಾರಾವಾಹಿಯಲ್ಲಿ ನಮ್ಮ ಮಗು ನಗೆಪಾಟಲಾಗಬಾರದು ಎಂಬ ಅಂಜಿಕೆ ಅದರ ಹಿಂದೆ ಇತ್ತೆಂದೇ ನನ್ನ ಲೆಕ್ಕ. ಬಕ್‌ವೀಟ್‌ನನ್ನು ನೋಡಿದ ತಲೆಮಾರಿನ ಅಂಜಿಕೆಯನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

‘ಸಿಸ್ಟರ್, ಸಿಸ್ಟರ್’ನಲ್ಲಿ (1994–1999) ಟಿಯಾ, ಟಮೆರಾ ಎಂಬ ಅವಳಿಗಳು ಗುಂಗುರು ಕೂದಲಿನಲ್ಲೇ ಮನೆಮಾತಾದರು. ಹುಡುಗಿಯರು ದೊಡ್ಡವರಾದಂತೆ ಕೂದಲು ನೇರವಾಯಿತು! ಗುಂಗುರು ಕೂದಲು ಗಮನ ಕೆಡಿಸುತ್ತದೆ ಎಂದು ಆಡಿಷನ್‌ಗಳಲ್ಲಿ ಹೇಳಿಸಿಕೊಂಡಿದ್ದನ್ನು ಟಿಯಾ ಪಾತ್ರದ ನಟಿ ಟಿಯಾ ಮೌರಿ ಆಮೇಲೆ ಹೇಳಿಕೊಂಡಿದ್ದಾರೆ. 1996ರ ‘ಮೊಯೀಶಾ’ದಲ್ಲಿ ಗಾಯಕಿ ಬ್ರ್ಯಾಂಡಿ ಸಣ್ಣ ಸಣ್ಣ ಹೆಣಿಗೆಯ ಜಡೆಗಳಲ್ಲಿ ನಾಯಕಿಯಾಗಿದ್ದಳು. ನಿಮ್ಮ ಲೇಖನದಲ್ಲಿ ಅದರ ಹೆಸರೇ ಇಲ್ಲ.

ನೇರ ಮಾಡುವುದೆಂದರೆ ಇಸ್ತ್ರಿ ಹಾಕಿದಷ್ಟು ಸಲೀಸಲ್ಲ. ರಿಲ್ಯಾಕ್ಸರ್ ಎಂಬ ಕ್ರೀಮುಗಳಲ್ಲಿ ಬಹಳ ಕಾಲ ಬಳಸಿದ್ದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ನಾವು ಸೋಪು ಕಾಯಿಸಲು ಬಳಸುವ ಕಾಸ್ಟಿಕ್ ಸೋಡಾ. ಹೊತ್ತು ಮೀರಿದರೆ ನೆತ್ತಿ ಸುಡುತ್ತದೆ. ಬುಡದಲ್ಲಿ ಹೊಸ ಕೂದಲು ಬಂದ ಹಾಗೆ ಮತ್ತೆ ಹಚ್ಚಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 33 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ವರದಿ ಕೊಟ್ಟರು: ಕೂದಲು ನೇರ ಮಾಡುವ ರಾಸಾಯನಿಕಗಳನ್ನು ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಎರಡು ಪಟ್ಟಿಗೂ ಹೆಚ್ಚು ಕಂಡುಬಂತು. ಇದರಿಂದಲೇ ಅದು ಬಂತು ಎಂದು ಅವರು ಹೇಳಿಲ್ಲ, ನಂಟಿದೆ ಎಂದಿದ್ದಾರೆ. ಟಿವಿಯ ನಯವಾದ ತಲೆ ನೋಡಿ ‘ನನಗೂ ಹಾಗೇ ಬೇಕು’ ಎಂದ ಮಕ್ಕಳನ್ನು ನೆನೆದರೆ ನಗು ಹೊರಡುವುದಿಲ್ಲ.

ಕ್ಯಾಮೆರಾದ ಹಿಂದಿನ ಕತೆಯೂ ಉಂಟು. ಗುಂಗುರು ಕೂದಲನ್ನು ಹೇಗೆ ಹಿಡಿಯಬೇಕೆಂದೇ ಗೊತ್ತಿಲ್ಲದ ಕೇಶ ಕಲಾವಿದರು ಸೆಟ್‌ನಲ್ಲಿ ಇರುತ್ತಿದ್ದರು, ನಾವೇ ಮನೆಯಿಂದ ತಯಾರಾಗಿ ಹೋಗಬೇಕಿತ್ತು ಎಂದು ಕಪ್ಪುವರ್ಣೀಯ ನಟಿಯರು ಮತ್ತೆ ಮತ್ತೆ ಹೇಳಿದ್ದಾರೆ. ಸಲೂನ್ ತರಬೇತಿಯಲ್ಲಿ ಇಂಥ ಕೂದಲಿನ ಪಾಠ ಕಡ್ಡಾಯ ಎಂದು ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿದ್ದು 2023ರಲ್ಲಿ. ಜಡೆ, ಆಫ್ರೋ ಕಾರಣಕ್ಕೆ ಶಾಲೆ, ಕಚೇರಿಗಳಲ್ಲಿ ಭೇದ ಮಾಡಬಾರದೆಂಬ ಕ್ರೌನ್ ಕಾಯ್ದೆ ಮೊದಲು ಬಂದದ್ದು ಕ್ಯಾಲಿಫೋರ್ನಿಯಾದಲ್ಲಿ, 2019ರಲ್ಲಿ. ಅಂಥದೇ ರಾಷ್ಟ್ರಮಟ್ಟದ ಮಸೂದೆ 2022ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆ ದಾಟಿ ಮೇಲ್ಮನೆಯಾದ ಸೆನೆಟ್‌ನಲ್ಲಿ ಸಿಕ್ಕಿಬಿತ್ತು. ನಿಮ್ಮ ಲೇಖನಕ್ಕೆ ಒಂದು ತಿದ್ದುಪಡಿಯೂ ಇದೆ: ಕೂದಲು ನೇರ ಮಾಡಲು ಕಾಯಿಸಿ ಎಳೆಯುವ ಬಾಚಣಿಗೆಯನ್ನು ಕಪ್ಪುವರ್ಣೀಯ ಕೇಶೋತ್ಪನ್ನ ಉದ್ಯಮಿ ಮೇಡಂ ಸಿ. ಜೆ. ವಾಕರ್ ಕಂಡುಹಿಡಿದರು ಎಂದು ನಿಮ್ಮಲ್ಲಿ ಅಚ್ಚಾಗಿದೆ. ಅದು ಅವರಿಗಿಂತ ಮೊದಲೇ ಇತ್ತು.

ಇಷ್ಟೆಲ್ಲ ಬರೆಯಲು ನನಗೇನು ಅಧಿಕಾರ ಎಂದರೆ, ಇಲ್ಲ. ಒಂದು ಹಳೆಯ ಸಾಲ ಇದೆ ಅಷ್ಟೇ. ಯಲ್ಲಾಪುರ ಕಡೆಯ ಶಾಲೆಯೊಂದರಲ್ಲಿ ನಾನು ಕಲಿಸುತ್ತಿದ್ದಾಗ ಸಿದ್ದಿ ಮಕ್ಕಳು ಬರುತ್ತಿದ್ದರು. ಇವರ ಹಿರಿಯರು ಆಫ್ರಿಕಾದಿಂದ ಬಂದವರು. ಎಲ್ಲ ಹುಡುಗಿಯರಿಗೂ ಎರಡು ಜಡೆ, ರಿಬ್ಬನ್ ಕಡ್ಡಾಯ. ಪ್ರಾರ್ಥನೆಯ ಸಾಲಿನಲ್ಲಿ ನಿಂತ ಮೂರನೇ ತರಗತಿಯ ಹುಡುಗಿಗೆ ಎಲ್ಲರ ಎದುರಿಗೆ ಕೇಳಿದೆ, “ಏನೇ ಇದು ಕೆದರಿದ ತಲೆ, ಬಾಚಿಕೊಂಡು ಬರ್ಲಿಕ್ಕೆ ಏನಾಗ್ತದೆ ನಿಂಗೆ?” ಅವಳು ತಲೆ ತಗ್ಗಿಸಿ, “ಬಾಚಿಕೊಂಡೇ ಬಂದದ್ದು ಅಕ್ಕೋರೇ” ಎಂದಳು. ಹತ್ತಿರ ಹೋಗಿ ನೋಡಿದರೆ ಕಿವಿಯ ಹಿಂದೆಯೂ ಎಣ್ಣೆ ಮಿನುಗುತ್ತಿತ್ತು. ಹೆಬ್ಬೆರಳುದ್ದದ ಎರಡು ಜಡೆಗೆ ಯಾರೋ ಮೂರು ಮೂರು ಗಂಟು ಹಾಕಿ ರಿಬ್ಬನ್ ಕಟ್ಟಿದ್ದರು. ಒಂದು ಆಗಲೇ ಜಾರಿ ಕುತ್ತಿಗೆಯ ಮೇಲೆ ನೇತಾಡುತ್ತಿತ್ತು.

ನಿಮ್ಮ ಅಡಿಬರಹದಲ್ಲಿ ಇದ್ದದ್ದು ನಾನು ಅವತ್ತು ಆಡಿದ ಅದೇ ಪದ. ಕನ್ನಡದಲ್ಲಿ ‘ಗುಂಗುರು’ ಎಂಬ ಒಳ್ಳೆಯ ಮಾತಿದೆ. ತಿದ್ದುಪಡಿ ಹಾಕುವುದಾದರೆ ಆ ಚಿತ್ರವನ್ನೂ ಇನ್ನೊಮ್ಮೆ ಹಾಕಿ, ಸ್ವಲ್ಪ ದೊಡ್ಡದಾಗಿ. ಬೈತಲೆ ಕಾಣಲಿ.

ಇಂತಿ,
ನಿವೃತ್ತ ಶಿಕ್ಷಕಿ, ಯಲ್ಲಾಪುರ