ಆಟೀನಿಗಾಗಿ ಕಾಯುವಾಗ

ಪ್ರೀತಿಯ ಗೆಳೆಯಾ,

ಶನಿವಾರ ಸ್ಯಾನ್ ಹೋಸೆಯಲ್ಲಿ ನಿನ್ನ ಬೆನ್ನ ಹಿಂದೆ ಕುಳಿತು 4-8 ಡಾಲರಿನ ಲಿಮಿಟ್ ಹೋಲ್ಡೆಮ್ ನೋಡಿದೆನಲ್ಲ (ಕೈಯಲ್ಲಿ ಎರಡು, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳ ಪೋಕರ್ ಆಟ; ಮೊದಲ ಎರಡು ಸುತ್ತಿನಲ್ಲಿ ಬೆಟ್ 4, ಕೊನೆಯ ಎರಡರಲ್ಲಿ 8), ಅದರಲ್ಲಿ ಒಂದು ಆಟ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ.

ನಿನ್ನ ಕೈಯಲ್ಲಿ ಆಟೀನ್ ಎಕ್ಕ, ಆಟೀನ್ ಎಂಟು. ಫ್ಲಾಪಿನಲ್ಲಿ, ಅಂದರೆ ಮೇಜಿನ ಮೊದಲ ಮೂರು ಎಲೆಗಳಲ್ಲಿ, ಆಟೀನ್ ರಾಜ, ಆಟೀನ್ ಆರು, ಕಳಾವರ್ ಮೂರು. ಎದುರಿನ ಮೂವರೂ ದುಡ್ಡು ಕಟ್ಟದೆ ಚೆಕ್ ಎಂದರು. ಕೊನೆಯವನಾದ ನೀನೂ ಚೆಕ್ ಎಂದು ಬೆರಳಿನಿಂದ ಮೇಜು ತಟ್ಟಿಬಿಟ್ಟೆ! ನನ್ನ ಜೀವ ಚುರ್ ಎಂದಿತು.

"ಇನ್ನೂ ಬಾರದ ಎಲೆಯನ್ನು ನಂಬಿ ಯಾರು ದುಡ್ಡು ಕಟ್ಟುತ್ತಾರೆ?" ಎಂದು ಕಾರಿನಲ್ಲಿ ಕೇಳಿದೆಯಲ್ಲ, ಆಗ ಸರಿಯಾಗಿ ಉತ್ತರಿಸಲಾಗಲಿಲ್ಲ. ಈಗ ಕೇಳು. ಇನ್ನೊಂದು ಆಟೀನ್ ಬಂದರೆ ಐದೂ ಆಟೀನ್ ಆಗಿ ನಿನಗೆ ಫ್ಲಶ್. ನಿನಗೆ ಕಾಣದ 47 ಎಲೆಗಳಲ್ಲಿ 9 ಆಟೀನ್. ಉಳಿದ ಎರಡು ಎಲೆಗಳಲ್ಲಿ ಒಂದಾದರೂ ಆಟೀನ್ ಬರುವ ಸಾಧ್ಯತೆ ಸುಮಾರು ಶೇ 35. ನೀನು 4 ಡಾಲರ್ ಕಟ್ಟಿ ಮೂವರೂ ಹಿಂದೆ ಬಂದರೆ, ಆ ಸುತ್ತಿಗೆ ನೀನು ಹಾಕುವುದು ಶೇ 25 ಮಾತ್ರ. ಎಕ್ಕ ನಿನ್ನದೇ ಆದ್ದರಿಂದ, ಮೇಜಿನ ಮೇಲೆ ಜೋಡಿ ಬೀಳದ ಹೊರತು ನಿನ್ನ ಫ್ಲಶ್ಶನ್ನು ಮೀರಿಸುವವರು ಇಲ್ಲವೆನ್ನುವಷ್ಟು ಅಪರೂಪ. ಇದು ಬೆದರಿಕೆಯ ಬೆಟ್ ಅಲ್ಲ, ಲಾಭದ ಬೆಟ್.

ನಾಲ್ಕನೆಯ ಎಲೆ ಕರಿ ಹತ್ತು. ಅಲ್ಲಿ ಚೆಕ್ ಮಾಡಿದ್ದು ಸರಿ. ಉಳಿದದ್ದು ಒಂದೇ ಎಲೆ, ಸಾಧ್ಯತೆ ಶೇ 20ಕ್ಕೆ ಇಳಿದಿತ್ತು, ಬೆಟ್ ಮಾತ್ರ 8ಕ್ಕೆ ಏರಿತ್ತು. ಕೊನೆಗೆ ಆಟೀನ್ ಒಂಬತ್ತು ಬಂದು ನೀನೇ ಗೆದ್ದೆ, ನಿಜ. ಆದರೆ ಫ್ಲಾಪಿನಲ್ಲಿ ಸೇರಬಹುದಾಗಿದ್ದ 12 ಡಾಲರ್ ಅವರ ಮುಂದೆಯೇ ಉಳಿಯಿತು.

ಎದುರಿಗೆ ಒಬ್ಬನೇ ಇದ್ದರೆ ಮಾತು ಬೇರೆ. ಅರ್ಧ ಹಣ ನಿನ್ನದೇ, ಶೇ 35 ಸಾಲದು. ಆಗ ಎಲೆ ನೋಡುವುದಕ್ಕಿಂತ ಆಳನ್ನು ನೋಡು. ನಡುವೆ 24 ಡಾಲರ್ ಇದ್ದು ನೀನು 4 ಕಟ್ಟಿದರೆ, ಏಳು ಸಲದಲ್ಲಿ ಒಂದು ಸಲ ಅವನು ಎಲೆ ಕೆಳಗಿಟ್ಟು ಆಟ ಬಿಟ್ಟರೂ ಸಾಕು, ಆಟೀನ್ ಬರುವುದನ್ನು ಲೆಕ್ಕಕ್ಕೇ ಹಿಡಿಯಬೇಕಿಲ್ಲ. ಜಪ್ಪಯ್ಯ ಎಂದರೂ ಎಲೆ ಬಿಡದ ಆಸಾಮಿಯಾದರೆ ಸುಮ್ಮನೆ ಚೆಕ್ ಮಾಡು.

ನಿನಗಿಂತ ಮೊದಲೇ ಯಾರಾದರೂ 4 ಕಟ್ಟಿದರೆ, ಕೊನೆಯವನಾಗಿ 8ಕ್ಕೆ ಏರಿಸು. ಮುಂದಿನ ಸುತ್ತಿನಲ್ಲಿ ಅವರು ಅಳುಕಿ ಚೆಕ್ ಎಂದರೆ ನೀನೂ ಚೆಕ್ ಮಾಡಿ ಕೊನೆಯ ಎಲೆಯನ್ನು ಪುಕ್ಕಟೆ ನೋಡಬಹುದು. 4 ಹೆಚ್ಚು ಕೊಟ್ಟು 8 ಉಳಿಸಿದ ಹಾಗೆ.

ನಂಬಿಕೆ ಬರದಿದ್ದರೆ, ಇಸ್ಪೀಟು ಕಟ್ಟಿನಿಂದ ಆ ಐದು ಎಲೆಗಳನ್ನು ತೆಗೆದಿಡು. ಉಳಿದದ್ದನ್ನು ಚೆನ್ನಾಗಿ ಕಲಸಿ, ಎರಡೆರಡೇ ಎಲೆಯಂತೆ ನೂರು ಸಲ ಎತ್ತಿ ನೋಡು, ಪ್ರತಿ ಸಲವೂ ಎತ್ತಿದ್ದನ್ನು ಮತ್ತೆ ಸೇರಿಸಿ ಕಲಸು. ಎಷ್ಟು ಸಲ ಆಟೀನ್ ಬಂತೆಂದು ಭಾನುವಾರ ಫೋನಿನಲ್ಲಿ ಹೇಳು, ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ