ಹಳೆಯ ಕಾಲೇಜಿನ ಲೆಕ್ಕ ಓದಿಸಿದ ಹಿರಿಯರಿಗೆ

ಕಲಬುರಗಿಯ ಹಳೆಯ ಕಾಲೇಜೊಂದರ ದಫ್ತರಗಳನ್ನು ಬಿಚ್ಚಿ ಮೂರನೆಯ ದಿನಕ್ಕೇ ಕೈಚೆಲ್ಲಿ ಕುಳಿತಿದ್ದ ನನ್ನ ಬಳಿಗೆ ತಾವಾಗಿಯೇ ಬಂದು, "ಇವು ಅಂಕಿ ಅಲ್ಲರೀ, ಅರಬ್ಬಿ ಎಣಿಕೆ ಮಾತನ್ನೇ ಮುರಿದು ಬರದದ್ದು" ಎಂದು ಸಿಯಾಖ್ ಎಂಬ ಹಳೆಯ ಲೆಕ್ಕದ ಬರಹದ ಗುಟ್ಟು ಬಿಡಿಸಿದ ನಿವೃತ್ತ ಗುಮಾಸ್ತರಿಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು. ತಮ್ಮ ಹೆಸರು ಬರೆಯಬಾರದೆಂದು ಅವರು ಕಟ್ಟುನಿಟ್ಟಾಗಿ ಹೇಳಿದ್ದಾರೆ.

1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನೇ ಬೋಧನಾ ಮಾಧ್ಯಮವಾಗಿ ಹೊಂದಿತ್ತು. ಆಗ ಕಲಬುರಗಿಯನ್ನೂ ಆಳುತ್ತಿದ್ದ ಹೈದರಾಬಾದಿನ ನಿಜಾಮರ ಆಡಳಿತದ ಭಾಷೆಯೂ ಅದೇ ಆಗಿದ್ದರಿಂದ ಈ ಕಾಲೇಜಿನ ಸಂಬಳದ ಪಟ್ಟಿ, ಶುಲ್ಕದ ವಹಿ, ನೇಮಕದ ಆದೇಶಗಳೆಲ್ಲ ಶಿಕಸ್ತಾ ಎಂಬ ಓಡುಬರಹದಲ್ಲಿವೆ. ಇಸವಿಯೂ ಫಸಲಿ ಎಂಬ ನಿಜಾಮರ ಆಡಳಿತದ ಕಾಲಗಣನೆಯದೇ. ಅಜೂರ್ ತಿಂಗಳಿಂದ ಹೊಸ ವರ್ಷ ಶುರುವಾಗುತ್ತದೆಂದೂ, 1350 ಫಸಲಿಯೆಂದರೆ 1940–41 ಎಂದೂ ಅವರು ಬೆರಳೆಣಿಸಿ ತೋರಿಸಿದರು.

ಎಲ್ಲಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಒಂದು ವರ್ಷದ ಸಂಬಳದ ಮೊತ್ತ ತಾಳೆಯಾಗದೆ, ಯಾರೋ ಹಣ ನುಂಗಿದ್ದಾರೆಂದೇ ನಾನು ಟಿಪ್ಪಣಿ ಬರೆದಿಟ್ಟಿದ್ದೆ. ಒಂದು ಕಲಂ ಹಾಲಿ ಸಿಕ್ಕಾ ಎಂಬ ನಿಜಾಮರ ರೂಪಾಯಿಯಲ್ಲಿದೆ, ಮತ್ತೊಂದು ಬ್ರಿಟಿಷರ ಕಲ್ದಾರ್ ರೂಪಾಯಿಯಲ್ಲಿದೆ, ಏಳು ಹಾಲಿಗೆ ಸುಮಾರು ಆರು ಕಲ್ದಾರ್ ಎಂದು ಅವರು ವಿವರಿಸಿದ ಮೇಲೆ, ಆಣೆ–ಪೈಸಹಿತ ಲೆಕ್ಕ ಕೂಡಿಬಂತು. ಬಹುಕಾಲದ ಹಿಂದೆ ತೀರಿಹೋದ ಒಬ್ಬ ಖಜಾಂಚಿಯ ಮೇಲೆ ನಾನು ಹೊರಿಸಲಿದ್ದ ಕಳಂಕ ಹೀಗೆ ತಪ್ಪಿತು.

1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿದ ನಂತರದ ಕಡತಗಳನ್ನು ಈಗ ನಾನೇ ಓದಿಕೊಳ್ಳುತ್ತಿದ್ದೇನೆ. ಅದಕ್ಕೂ ಹಿಂದಿನ ಎರಡು ಗಂಟುಗಳು ಉಳಿದಿದ್ದು, ಬರುವ ವಾರ ಬರುವುದಾಗಿ ಹಿರಿಯರು ಒಪ್ಪಿದ್ದಾರೆ.