ತಂಗಿಗೆ ಧೈರ್ಯ ಹೇಳಬೇಡ ಅವ್ವಾ, ಅವಳ ಮಾತು ಕೇಳು

ಬರ್ಮಿಂಗ್‌ಹ್ಯಾಮ್
ಜೂನ್ 2021

ಅವ್ವಾ,

ಮೊನ್ನೆ ನೀನು ಫೋನಿನಲ್ಲಿ ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ತಂಗಿ ರಾತ್ರಿಯೆಲ್ಲ ಎದ್ದು ಕೂರುತ್ತಾಳೆ, ರೊಟ್ಟಿ ಮುಟ್ಟುವುದಿಲ್ಲ, ಮಾತಾಡಿಸಿದರೆ ಸಿಡುಕುತ್ತಾಳೆ. ನೀನು ದೃಷ್ಟಿ ತೆಗೆದೆ, ಶರಣಬಸವೇಶ್ವರ ಗುಡಿಗೆ ಹರಕೆ ಹೊತ್ತೆ. ಅಪ್ಪ, "ನರ್ಸ್ ಆದವಳು ಗಟ್ಟಿ ಇರಬೇಕು" ಅಂದರಂತೆ. ಹರಕೆ ಇರಲಿ, ಬೇಡ ಅನ್ನುವುದಿಲ್ಲ. ಅಪ್ಪನ ಆ ಮಾತು ಮಾತ್ರ ಇನ್ನೊಮ್ಮೆ ಅವಳ ಕಿವಿಗೆ ಬೀಳಬಾರದು.

ಅವಳಿಗೆ ಧೈರ್ಯ ಕಡಿಮೆಯಾಗಿಲ್ಲ. ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯವರದೇ ಅಲ್ವಾ, 2020ರ ಮಾರ್ಚ್‌ನಲ್ಲಿ, 76 ವರ್ಷದ ಹಿರಿಯರು. ಅವರಿಗೆ ಚಿಕಿತ್ಸೆ ಕೊಟ್ಟ ಡಾಕ್ಟರಿಗೂ ಸೋಂಕು ತಗುಲಿತು. ಊರೇ ಬಾಗಿಲು ಹಾಕಿಕೊಂಡಿತು, ಇವಳು ಡ್ಯೂಟಿಗೆ ಹೋದಳು. ಈ ಏಪ್ರಿಲ್, ಮೇ ತಿಂಗಳ ನಮ್ಮೂರ ಬಿಸಿಲಲ್ಲಿ ಪಿಪಿಇ ಕಿಟ್ ಹಾಕಿಕೊಂಡು ನಿಂತಳು. ಅದನ್ನು ಹಾಕಿದರೆ ಬಿಚ್ಚುವ ತನಕ ನೀರಿಲ್ಲ, ಬಾತ್‌ರೂಮ್ ಇಲ್ಲ. ಮುಟ್ಟಿನ ದಿನಗಳಲ್ಲೂ ಅಷ್ಟೇ.

ಆ ದಣಿವು ಮಲಗಿದರೆ ಹೋಗುತ್ತದೆ. ಅವಳ ನಿದ್ದೆ ಕೆಡಿಸಿದ್ದು ಬೇರೆ. ಬೆಡ್ ಇಲ್ಲ ಅಂತ ಬಾಗಿಲಲ್ಲೇ ಜನರನ್ನು ತಿರುಗಿ ಕಳಿಸಬೇಕಾಯಿತು. ಏನು ಮಾಡಬೇಕೆಂದು ಗೊತ್ತಿತ್ತು, ಮಾಡಲು ಆಕ್ಸಿಜನ್ ಸಾಲಲಿಲ್ಲ. ತೀರಿಕೊಂಡವರನ್ನು ಚೀಲದಲ್ಲಿ ಸುತ್ತಿದಳು, ಹಣೆಗೆ ವಿಭೂತಿ ಹಚ್ಚಲು ಮನೆಯವರೂ ಹತ್ತಿರ ಇರಲಿಲ್ಲ. "ಅಕ್ಕಾ, ಅವರ ಮಗ ಗೇಟಿನ ಹೊರಗ ನಿಂತು ಒಮ್ಮೆ ಮುಖ ತೋರಿಸ್ರಿ ಅಂತಿದ್ದ, ನಾ ಏನ್ ಮಾಡ್ಲಿ" ಅಂತ ನನ್ನ ಹತ್ತಿರ ಅತ್ತಳು. ಇದರಲ್ಲಿ ಅವಳ ತಪ್ಪು ಒಂದೂ ಇಲ್ಲ. ಆದರೂ ತಪ್ಪು ತನ್ನದೇ ಅನಿಸುತ್ತಿದೆ ಅವಳಿಗೆ.

ಇಲ್ಲಿಯೂ ಟ್ಯಾಬ್ ಹಿಡಿದು ರೋಗಿಗಳಿಗೆ ಮನೆಯವರ ಕೊನೆಯ ಮಾತು ಕೇಳಿಸಿದ್ದು ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಾವೇ. ಗುರುವಾರ ರಾತ್ರಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಅಲ್ಲಿ ತಟ್ಟೆ ಬಡಿದರು. ಆಮೇಲೆ ತಂಗಿಯ ಗೆಳತಿಗೆ ಮಾಲೀಕರು ಮನೆ ಖಾಲಿ ಮಾಡು ಅಂದರಲ್ಲ, ಅದು ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಕಳೆದ ವರ್ಷ ಮೊದಲ ಅಲೆ ಇಳಿಯುವಾಗ 9 ಐಸಿಯುಗಳ 709 ಸಿಬ್ಬಂದಿಯನ್ನು ವಿಚಾರಿಸಿದರು. ನೂರಕ್ಕೆ 45 ಜನರಲ್ಲಿ ತೀವ್ರ ಖಿನ್ನತೆ, ಆತಂಕ, ಆಘಾತದ ಲಕ್ಷಣ, ಕುಡಿತದ ತೊಂದರೆ ಇವುಗಳಲ್ಲಿ ಒಂದಾದರೂ ಇತ್ತು. ಸತ್ತರೇ ವಾಸಿ, ಇಲ್ಲವೇ ನನಗೆ ನಾನೇ ನೋವು ಮಾಡಿಕೊಳ್ಳಬೇಕು ಅನ್ನುವ ಯೋಚನೆ ಬಂದವರು ನೂರಕ್ಕೆ 13. ಇವರೆಲ್ಲ ಕೆಲಸ ಬಲ್ಲವರು, ಗಟ್ಟಿ ಜನ.

ಅದಕ್ಕೇ ಹೇಳುತ್ತೇನೆ, ಅವಳಿಗೂ ಅಂಥ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುವುದಿಲ್ಲ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಇಲ್ಲ ಅಂದರೂ ಡಾಕ್ಟರಿಗೆ ತೋರಿಸಲೇಬೇಕು, ಎರಡು ವಾರ ದಾಟಿತಲ್ಲ. ಊರಲ್ಲಿ ಗುರುತಿನವರು ನೋಡುತ್ತಾರೆ ಅಂತ ಅವಳಿಗೆ ಸಂಕೋಚವಾದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಸುಮ್ನೆ ಮಾತಾಡಲು ನಿಮ್ಹಾನ್ಸಿನ ಸಹಾಯವಾಣಿ 080-46110007, ಕನ್ನಡದಲ್ಲೇ ಮಾತಾಡುತ್ತಾರೆ.

ಅವಳ ಮದುವೆಗೆ ತೊಡಕಾದೀತು ಅಂತ ಅಪ್ಪನಿಗೆ ಹೆದರಿಕೆ, ನನಗೆ ಗೊತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆಯ ವಿಷಯವನ್ನು ಡಾಕ್ಟರು ಗುಟ್ಟಾಗಿಡಬೇಕು. ಖಿನ್ನತೆಯ ಮಾತ್ರೆ ಕೊಟ್ಟರೆ ಅದು ಚಟವಾಗುವುದಿಲ್ಲ. ಗುಣ ಕಾಣಲು ಕೆಲವು ವಾರ ಬೇಕು, ಅಷ್ಟರಲ್ಲಿ ತಾನೇ ನಿಲ್ಲಿಸಬಾರದು. ನಾನೂ ಜನವರಿಯಿಂದ ನಮ್ಮ ಆಸ್ಪತ್ರೆಯ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೇನೆ. ಇದನ್ನು ಅಪ್ಪನಿಗೆ ಹೇಳು.

ಅವಳು ಮಾತಾಡಿದಾಗ ನಡುವೆ ಸಮಾಧಾನ ಹೇಳಬೇಡ, ಪೂರ್ತಿ ಕೇಳು. ಆಸ್ಪತ್ರೆಗೆ ಅಪ್ಪನೇ ಜೊತೆಗೆ ಹೋಗಲಿ. ನಾನು ಕರೆದರೆ ಬರುತ್ತಾಳೋ ಇಲ್ಲವೋ, ಅಪ್ಪ ಏಳು ಹೋಗೋಣ ಅಂದರೆ ಖಂಡಿತ ಏಳುತ್ತಾಳೆ.

ನಿನ್ನ ಮಗಳು